ಅಪ್ರಾಪ್ತ ವಯಸ್ಕರ ಮದ್ಯಪಾನ ಮತ್ತು ವಾಹನ ಚಾಲನೆ: ಪೋಷಕರೂ ವಾಹನ ಮಾಲೀಕರೂ ತಿಳಿದಿರಬೇಕಾದ ಕಾನೂನು

ಹದಿನೆಂಟು ವರ್ಷ ತುಂಬದವರು ಮದ್ಯ ಸೇವಿಸಿ ವಾಹನ ಚಲಾಯಿಸಿ ಸಿಕ್ಕಿಬಿದ್ದಾಗ, “ಹುಡುಗನಿಗೆ ಇನ್ನೂ ವಯಸ್ಸಾಗಿಲ್ಲ, ದಂಡ ಕಟ್ಟಿದರೆ ಮುಗಿಯಿತು” ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಇದು ತಪ್ಪು ತಿಳಿವಳಿಕೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನಗಳ ಅಧಿನಿಯಮದ ತಿದ್ದುಪಡಿಯಂತೆ, ಇಂತಹ ಪ್ರಕರಣದಲ್ಲಿ ಬಾಲಕನ ಜೊತೆಗೆ ಅವನ ಪೋಷಕರು ಅಥವಾ ವಾಹನದ ಮಾಲೀಕರು ಸಹ ಅಪರಾಧಿ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ.

ವಾಹನ ಚಲಾಯಿಸುವ ವಯಸ್ಸು

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 4ರ ಮೇರೆಗೆ 18 ವರ್ಷ ತುಂಬದ ಯಾವ ವ್ಯಕ್ತಿಯೂ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನವನ್ನು ಚಲಾಯಿಸತಕ್ಕದ್ದಲ್ಲ. ಇದಕ್ಕೆ ಒಂದು ವಿನಾಯಿತಿ ಇದೆ. 50 ಸಿ.ಸಿ. ಮೀರದ ಎಂಜಿನ್ ಸಾಮರ್ಥ್ಯದ, ಗೇರ್ ಇಲ್ಲದ ದ್ವಿಚಕ್ರ ವಾಹನಕ್ಕೆ 16 ವರ್ಷ ತುಂಬಿದವರು ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ ಅನುಜ್ಞಾಪತ್ರ ಪಡೆಯಬಹುದು. ಗೊಂದಲ ಹುಟ್ಟುವುದು ಇಲ್ಲಿಯೇ. “ಗೇರ್ ಇಲ್ಲದ ಸ್ಕೂಟರ್ ತಾನೇ” ಎಂದು ಕಾಲೇಜಿಗೆ ಹೋಗುವ ಮಕ್ಕಳಿಗೆ ಕೀಲಿ ಕೊಡುವ ಪೋಷಕರು ಅನೇಕರು. ಆದರೆ ಇಂದು ರಸ್ತೆಯಲ್ಲಿ ಓಡಾಡುವ ಸಾಮಾನ್ಯ ಪೆಟ್ರೋಲ್ ಸ್ಕೂಟರುಗಳು 100 ಸಿ.ಸಿ. ಮೀರಿದವು, ಅವುಗಳಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಮದ್ಯದ ಮಿತಿ ಯಾರಿಗೆ?

ಪ್ರಕರಣ 185ರಂತೆ, ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರುವುದು ಪರೀಕ್ಷೆಯಲ್ಲಿ ಕಂಡುಬಂದರೆ ಅದು ಅಪರಾಧ. ಮೊದಲ ಬಾರಿಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ; ಮತ್ತೊಮ್ಮೆ ಮಾಡಿದಲ್ಲಿ ಎರಡು ವರ್ಷಗಳವರೆಗಿನ ಕಾರಾವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಇದು ಸ್ಥಳದಲ್ಲಿಯೇ ದಂಡ ಕಟ್ಟಿ ರಾಜಿ ಮಾಡಿಕೊಳ್ಳುವ ಅಪರಾಧವಲ್ಲ, ನ್ಯಾಯಾಲಯಕ್ಕೆ ಹಾಜರಾಗಲೇಬೇಕು.

ಈ 30 ಮಿಲಿಗ್ರಾಂ ಮಿತಿ ಹದಿನೆಂಟರೊಳಗಿನವರಿಗೆ ನೀಡಿದ ರಿಯಾಯಿತಿಯಲ್ಲ. ಅನುಜ್ಞಾಪತ್ರವೇ ಇಲ್ಲದ ಬಾಲಕನು ಒಂದು ಹನಿ ಮದ್ಯ ಮುಟ್ಟದಿದ್ದರೂ, ಕಾರಿನ ಸ್ಟೀರಿಂಗ್ ಹಿಡಿದು ರಸ್ತೆಗಿಳಿದ ಕ್ಷಣವೇ ಪ್ರಕರಣ 181ರ ಅಪರಾಧ ನಡೆದಿರುತ್ತದೆ. ಮದ್ಯ ಸೇರಿದಾಗ ಅದು ಎರಡನೆಯ ಅಪರಾಧ.

ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅಥವಾ ಮೋಟಾರು ವಾಹನ ಇಲಾಖೆಯ ಅಧಿಕಾರಿ ಉಸಿರಾಟದ ಪರೀಕ್ಷೆಗೆ ಸೂಚಿಸಬಹುದು. ಸಕಾರಣವಿಲ್ಲದೆ ನಿರಾಕರಿಸಿದರೆ, ಆ ನಿರಾಕರಣೆಯೇ ವಿಚಾರಣೆಯಲ್ಲಿ ಆತನ ವಿರುದ್ಧ ಪುಷ್ಟಿಯಾಗಬಲ್ಲದು. ಬಂಧಿಸಿದಲ್ಲಿ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ನಡೆಯತಕ್ಕದ್ದು. ಇಲ್ಲವಾದರೆ ಬಿಡುಗಡೆ ಮಾಡಬೇಕು. ಈ ರಕ್ಷಣೆಯೂ ಕಾನೂನಿನಲ್ಲಿಯೇ ಇದೆ.

ಪೋಷಕರ ಮತ್ತು ಮಾಲೀಕರ ಹೊಣೆ

2019ರಲ್ಲಿ ಹೊಸದಾಗಿ ಸೇರಿಸಿದ ಪ್ರಕರಣ 199-ಎ ಅತ್ಯಂತ ಕಠಿಣವಾದುದು. ಬಾಲಕನು ಈ ಅಧಿನಿಯಮದಡಿಯ ಅಪರಾಧ ಎಸಗಿದರೆ, ಅವನ ಪೋಷಕರು ಅಥವಾ ವಾಹನದ ಮಾಲೀಕರು ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ. ಶಿಕ್ಷೆ ಮೂರು ವರ್ಷಗಳವರೆಗಿನ ಕಾರಾವಾಸ ಹಾಗೂ 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳ ಅವಧಿಗೆ ರದ್ದಾಗುತ್ತದೆ. ಬಾಲಕನಿಗೆ 25 ವರ್ಷ ತುಂಬುವವರೆಗೆ ಕಲಿಕಾ ಅನುಜ್ಞಾಪತ್ರವೂ ದೊರೆಯುವುದಿಲ್ಲ. ಹದಿನೇಳರಲ್ಲಿ ಮಾಡಿದ ಒಂದು ರಾತ್ರಿಯ ತಪ್ಪಿಗೆ, ಓದು ಮುಗಿದು ಉದ್ಯೋಗ ಹುಡುಕುವ ವರ್ಷಗಳೆಲ್ಲ ಅನುಜ್ಞಾಪತ್ರವಿಲ್ಲದೆ ಕಳೆಯಬೇಕಾಗುತ್ತದೆ. ದಂಡದ ಮೊತ್ತಕ್ಕಿಂತ ಇದೇ ಹೆಚ್ಚಿನ ಶಿಕ್ಷೆ ಎನ್ನಬಹುದು.

ಬಾಲಕನು ಒಪ್ಪಿಗೆಯಿಂದಲೇ ವಾಹನ ಒಯ್ದನೆಂದು ನ್ಯಾಯಾಲಯ ಪೂರ್ವಭಾವಿಸುತ್ತದೆ. ತಮಗೆ ತಿಳಿಯದೆ ನಡೆಯಿತು ಅಥವಾ ತಡೆಯಲು ಎಲ್ಲ ಎಚ್ಚರಿಕೆ ವಹಿಸಿದ್ದೆವು ಎಂಬುದನ್ನು ರುಜುವಾತುಪಡಿಸುವ ಭಾರ ಪೋಷಕರ ಮತ್ತು ಮಾಲೀಕರ ಮೇಲಿದೆ. ಬಾಲಕನು ಅನುಜ್ಞಾಪತ್ರ ಪಡೆದಿದ್ದು, ಅದರಲ್ಲಿ ಅನುಮತಿಸಿದ ವಾಹನವನ್ನೇ ಚಲಾಯಿಸುತ್ತಿದ್ದರೆ ಮಾತ್ರ ಪೋಷಕರ ಮೇಲಿನ ಈ ಹೊಣೆ ಅನ್ವಯಿಸುವುದಿಲ್ಲ.

ವಿಮೆಯ ಕಥೆಯೂ ಹೀಗೆಯೇ. ಅಪಘಾತದಲ್ಲಿ ಮಡಿದವರ ಕುಟುಂಬಕ್ಕೆ ವಿಮಾ ಸಂಸ್ಥೆಯು ಮೊದಲು ಪರಿಹಾರ ಪಾವತಿಸಿದರೂ, ಚಾಲಕನಿಗೆ ಅನುಜ್ಞಾಪತ್ರ ಇರಲಿಲ್ಲವೆಂಬ ಕಾರಣಕ್ಕೆ ಆ ಹಣವನ್ನು ಮಾಲೀಕರಿಂದ ವಸೂಲು ಮಾಡಲು ಅವಕಾಶವಿದೆ. ಸಂಬಂಧಿಕರ ಮನೆಗೆ ಬಂದಿದ್ದ ಅಪ್ರಾಪ್ತ ಬಾಲಕನೊಬ್ಬ ಅಲ್ಲಿದ್ದ ಕೀಲಿಯನ್ನು ತೆಗೆದುಕೊಂಡು ಮೋಟಾರ್ ಸೈಕಲ್ ಒಯ್ದು ಅಪಘಾತ ಮಾಡಿದ ಪ್ರಕರಣದಲ್ಲಿ, ತನ್ನ ಅನುಮತಿ ಇರಲಿಲ್ಲವೆಂಬ ಮಾಲೀಕನ ವಾದವನ್ನು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಒಪ್ಪಲಿಲ್ಲ. ವಾಹನವು ದುರುಪಯೋಗವಾಗದಂತೆ ನೋಡಿಕೊಳ್ಳುವುದು ಮಾಲೀಕನ ಹೊಣೆ ಎಂದು ಹೇಳಿತು.

ಮದ್ಯ ಕೊಟ್ಟವರು

ಕರ್ನಾಟಕದಲ್ಲಿ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ 1967ರ ನಿಯಮಗಳಂತೆ 21 ವರ್ಷದೊಳಗಿನವರಿಗೆ ಮದ್ಯ ಮಾರುವಂತಿಲ್ಲ. ಇದನ್ನು 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಪ್ರಕಟವಾಗಿತ್ತಾದರೂ ಸಾರ್ವಜನಿಕರ ಆಕ್ಷೇಪದ ನಂತರ ಅದನ್ನು ಕೈಬಿಡಲಾಯಿತು. ಅಂದರೆ ಹದಿನೆಂಟಕ್ಕೆ ವಾಹನ ಚಲಾಯಿಸುವ ಹಕ್ಕು ಬಂದರೂ ಮದ್ಯ ಕೊಳ್ಳುವ ಹಕ್ಕು ಬರುವುದಿಲ್ಲ.

ಬಾಲನ್ಯಾಯ ಅಧಿನಿಯಮ, 2015ರ ಪ್ರಕರಣ 77 ಇನ್ನೂ ಮುಂದೆ ಹೋಗುತ್ತದೆ. ವೈದ್ಯರ ಆದೇಶವಿಲ್ಲದೆ 18 ವರ್ಷದೊಳಗಿನ ಮಗುವಿಗೆ ಮದ್ಯ ನೀಡಿದವರಿಗೆ, ಏಳು ವರ್ಷಗಳವರೆಗಿನ ಕಠಿಣ ಕಾರಾವಾಸ ಮತ್ತು ಒಂದು ಲಕ್ಷ ರೂಪಾಯಿವರೆಗಿನ ದಂಡ ವಿಧಿಸಬಹುದು. ಇಲ್ಲಿ ಬಾರ್ ಮಾಲೀಕರೆಂದು ಮಾತ್ರ ಹೇಳಿಲ್ಲ. ಮದುವೆಯ ಹಿಂದಿನ ರಾತ್ರಿ “ಒಂದು ಗುಟುಕು ಕುಡಿ, ಏನೂ ಆಗೋಲ್ಲ” ಎಂದು ಲೋಟ ಕೈಗಿಡುವ ಬಂಧುವೂ ಈ ಪ್ರಕರಣದ ವ್ಯಾಪ್ತಿಯಲ್ಲಿಯೇ ಬರುತ್ತಾನೆ.

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ 17 ವರ್ಷದ ಬಾಲಕ ಚಲಾಯಿಸುತ್ತಿದ್ದನೆನ್ನಲಾದ ಕಾರು ಡಿಕ್ಕಿ ಹೊಡೆದು ಇಬ್ಬರು ಯುವ ಸಾಫ್ಟ್‌ವೇರ್ ಎಂಜಿನಿಯರುಗಳು ಮೃತಪಟ್ಟರು. ಆ ಪ್ರಕರಣದಲ್ಲಿ ಬಾಲಕನ ತಂದೆ, ಮದ್ಯ ಪೂರೈಸಿದ ಆರೋಪ ಹೊತ್ತ ಬಾರ್‌ಗಳವರು, ರಕ್ತದ ಮಾದರಿ ಬದಲಿಸಿದ ಆರೋಪದ ಮೇಲೆ ವೈದ್ಯರು ಬಂಧನಕ್ಕೊಳಗಾದರು. ಕೀಲಿ ಕೊಟ್ಟವರು, ಲೋಟ ಕೊಟ್ಟವರು, ಸಾಕ್ಷ್ಯ ಮರೆಮಾಚಲು ನೆರವಾದವರು ಎಂದು ಬೇರೆ ಬೇರೆ ಕಾನೂನುಗಳು ಹೇಗೆ ಒಂದೇ ಘಟನೆಯಲ್ಲಿ ಕೂಡಿ ಬರುತ್ತವೆ ಎಂಬುದಕ್ಕೆ ಅದು ನಿದರ್ಶನ.

ಅಪ್ರಾಪ್ತರಿಗೆ ಮದ್ಯ ಮಾರುವ ಅಂಗಡಿ ಅಥವಾ ಬಾರ್ ಕುರಿತು ಸ್ಥಳೀಯ ಅಬಕಾರಿ ಕಚೇರಿಗೆ ಇಲ್ಲವೇ ಪೊಲೀಸ್ ಠಾಣೆಗೆ ದೂರು ಸಲ್ಲಿಸಬಹುದು. ಮದ್ಯ ಸೇವಿಸಿದ ಬಾಲಕನು ವಾಹನ ಚಲಾಯಿಸುತ್ತಿರುವುದು ಕಂಡುಬಂದಲ್ಲಿ 112 ಸಂಖ್ಯೆಗೆ ಕರೆ ಮಾಡಿ ವಾಹನದ ನೋಂದಣಿ ಸಂಖ್ಯೆ ಮತ್ತು ಸ್ಥಳವನ್ನು ತಿಳಿಸುವುದು.