ಕ್ರಿಸ್‌ಮಸ್ ರಜೆಗೆ ಫಾರಿನ್ ಟ್ರಿಪ್ಪಾ? ಮೊದಲು ಪಾಸ್‌ಪೋರ್ಟ್ ತೆಗೆದು ನೋಡ್ರಿ

ಡಿಸೆಂಬರ್ ರಜೆ ಬಂತಂದ್ರ ಬಾದಾಮಿ ಗುಹೆ ಮುಂದ ಪ್ರವಾಸದ ಬಸ್ಸುಗಳ ಸಾಲು. ಕಳೆದ ವರ್ಷ ನಾವಿಬ್ಬರು ಮಾತ್ರ ಇಳಕಲ್‌ನಿಂದ ಶ್ರೀಲಂಕಾಕ್ಕೆ ಹೊರಟಿದ್ವಿ. ಟಿಕೆಟ್ ಬುಕ್ ಆದ ಮೇಲೆ ನಮ್ಮಾಕಿ, "ಅಲ್ರೀ, ನನ್ನ ಪಾಸ್‌ಪೋರ್ಟ್ ಮಾರ್ಚ್‌ಗೆ ಮುಗೀತೈತಿ" ಅಂದಳು. "ಮಾರ್ಚ್ ತನಕ ಐತಲ್ಲ, ಬಿಡು" ಅಂದೆ. ತಪ್ಪಿದ್ದು ಅಲ್ಲೇ.

ಶ್ರೀಲಂಕಾ, ಸಿಂಗಪುರದಂಥ ದೇಶಗಳಿಗೆ ಕಾಲಿಡುವ ದಿನ ಪಾಸ್‌ಪೋರ್ಟ್‌ಗೆ ಇನ್ನೂ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಕಾಯಿಲೆಯೋ ಇನ್ನೇನೋ ಆಗಿ ವಾಪಸಾಗುವುದು ತಡವಾದರೂ ದಾಖಲೆ ಚಾಲ್ತಿಯಲ್ಲಿರಲಿ ಅಂತ ಈ ನಿಯಮ. ವಿಮಾನ ಕಂಪನಿಯವರು ಚೆಕ್-ಇನ್‌ನಲ್ಲೇ ಇದನ್ನು ನೋಡ್ತಾರೆ. ಕಡಿಮೆ ಇದ್ದರೆ ಬೆಂಗಳೂರಿನಿಂದಲೇ ಮನೆಗೆ.

ನಮ್ಮಲ್ಲಿ ದೊಡ್ಡವರ ಪಾಸ್‌ಪೋರ್ಟ್ ಅವಧಿ 10 ವರ್ಷ. ಅದು ಮುಗಿಯಲು 1 ವರ್ಷ ಇರುವಾಗಲೇ ಹೊಸದಕ್ಕೆ ಅರ್ಜಿ ಹಾಕಬಹುದು. ನಮ್ಮಾಕಿಯದರಲ್ಲಿ ಇನ್ನೂ ಹುನಗುಂದದ ತವರುಮನಿ ವಿಳಾಸ ಇತ್ತು, ಅದನ್ನೂ ಆಗಲೇ ಬದಲಿಸಿದ್ವಿ. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕಂತಿಲ್ಲ. ಆದರೆ ಟಿಕೆಟ್‌ನಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂಗೇ ಇರಬೇಕು.

ನಮ್ಮ ಟಿಕೆಟ್ ದುಡ್ಡು ಅರ್ಧ ಹೋತು. ಆ ಕ್ರಿಸ್‌ಮಸ್ ದಿನ ಬಾದಾಮಿಯ ಅಗಸ್ತ್ಯ ತೀರ್ಥದ ದಂಡಿ ಮ್ಯಾಲೆ ಕೂತು ಬುತ್ತಿ ಉಂಡು ಬಂದ್ವಿ. ನಿಮ್ಮದು ಯಾವಾಗ ಮುಗೀತೈತಿ, ಇವತ್ತೇ ನೋಡ್ಕೊಳ್ರಿ.