ಮನೆಯೊಳಗಣ ಪರೀಕ್ಷೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ಬೆಂಗಳೂರು, ಮೈಸೂರುಗಳಲ್ಲಿ ತಂತ್ರಾಂಶಗಳನ್ನು ರಚಿಸುವ ಉದ್ಯೋಗದಲ್ಲಿರುವರು. ಆ ಕೆಲಸವೆಂತಹುದೆಂದು ಪೋಷಕರು ನನ್ನನ್ನು ಕೇಳುವುದುಂಟು. ಅದರ ಒಂದು ಮುಖ್ಯ ಭಾಗವನ್ನು ಇಲ್ಲಿ ತಿಳಿಸಲು ಯತ್ನಿಸುವೆನು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಮನೆಗಳಲ್ಲಿ ಇಂದು ಬ್ಯಾಂಕಿನ ಹಣವೂ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯೂ ಕೈಫೋನಿನ ಮೂಲಕ ಸಾಗುವುವು. ಫೋನಿನ ತಂತ್ರಾಂಶವು ದೂರದ ಸರ್ವರಿಗೆ ನಮ್ಮ ಗುಟ್ಟನ್ನು ಒಪ್ಪಿಸುವ ಮೊದಲು ಅದರ ಪ್ರಮಾಣಪತ್ರವನ್ನು ಪರಿಶೀಲಿಸತಕ್ಕದ್ದು: ಹೆಸರು ಸರಿಯೇ? ಅವಧಿ ಉಳಿದಿದೆಯೇ? ನಂಬತಕ್ಕ ಪ್ರಾಧಿಕಾರದ ಸಹಿಯುಂಟೇ? ಟಿಎಲ್‌ಎಸ್ ಎಂಬ ಈ ಕ್ರಮದ 1.3ನೆಯ ಆವೃತ್ತಿಯು 2018ರಲ್ಲಿ ಪ್ರಕಟವಾಯಿತು.

ಈ ಕಾವಲು ಸರಿಯಾಗಿದೆಯೆಂದು ಅರಿಯುವುದೆಂತು? ಸಾಚಾ ಸರ್ವರಿನೊಡನೆ ಸಂಪರ್ಕವಾಯಿತೆಂದರೆ ಸಾಲದು. ಬಂದವರಿಗೆಲ್ಲ ಕದ ತೆರೆಯುವ ಸೋಮಾರಿ ಕಾವಲುಗಾರನೂ ನಿಜವಾದ ಅತಿಥಿಯನ್ನು ಒಳಬಿಡುವನಷ್ಟೆ. ಸುಳ್ಳು ಪತ್ರವನ್ನು ತೋರಿಸಿ, ಆತನು ತಡೆಯುವನೇ ಎಂದು ನೋಡಬೇಕು.

ಇದಕ್ಕಾಗಿ ಹೊರಗಿನ ಸರ್ವರನ್ನು ಆಶ್ರಯಿಸಿದರೆ ತೊಂದರೆಯುಂಟು. 2021ರ ಸೆಪ್ಟೆಂಬರ್ 30ರಂದು ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಮೂಲ ಪ್ರಮಾಣಪತ್ರದ ಅವಧಿ ತೀರಿದಾಗ, ತಮ್ಮಲ್ಲಿ ಏನನ್ನೂ ಬದಲಿಸದಿದ್ದವರ ಹಳೆಯ ಉಪಕರಣಗಳಲ್ಲಿಯೂ ಅನೇಕ ಸಂಪರ್ಕಗಳು ಮುರಿದುಬಿದ್ದವು. ಇನ್ನೂ ಕೆಟ್ಟದ್ದೊಂದುಂಟು: ಹೊರಗಿನ ಸರ್ವರು ಕೆಟ್ಟು ನಿಂತದ್ದರಿಂದ ಸಂಪರ್ಕ ತಪ್ಪಿದರೆ, ಕಾವಲುಗಾರನೇ ತಡೆದನೆಂದು ನಾವು ಭ್ರಮಿಸಬಹುದು.

ನಮ್ಮ ನೆರೆಯ ಕೃಷ್ಣರಾಜಸಾಗರದಲ್ಲಿರುವ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರವನ್ನು ನೆನೆಯಿರಿ. ಕೋಡಿಯ ರಚನೆಯು ಪ್ರವಾಹಕ್ಕೆ ತಾಳುವುದೇ ಎಂದು ತಿಳಿಯಲು ನದಿ ಉಕ್ಕುವವರೆಗೆ ಕಾಯಬೇಕಾಗಿಲ್ಲ. ಚಿಕ್ಕ ಮಾದರಿಯನ್ನು ಕಟ್ಟಿ, ಬೇಕಾದಷ್ಟು ನೀರನ್ನು ತಾವೇ ಹರಿಸಿ ನೋಡುವರು. ತಂತ್ರಾಂಶದಲ್ಲಿಯೂ ಹಾಗೆಯೇ. ತಮ್ಮ ಗಣಕಯಂತ್ರದೊಳಗೇ, ಅದು ತನ್ನನ್ನು ತಾನೇ ಕರೆದುಕೊಳ್ಳುವ 127.0.0.1 ಎಂಬ ವಿಳಾಸದಲ್ಲಿ, ಪುಟ್ಟ ಸರ್ವರೊಂದನ್ನು ನಿಲ್ಲಿಸುವರು. ಪರೀಕ್ಷೆಗೆಂದೇ ಒಂದು ಪ್ರಾಧಿಕಾರವನ್ನು ಸೃಷ್ಟಿಸಿ, ಪರೀಕ್ಷೆಯ ಹೊತ್ತಿಗೆ ಮಾತ್ರ ಅದನ್ನು ನಂಬುವಂತೆ ತಂತ್ರಾಂಶಕ್ಕೆ ತಿಳಿಸುವರು. ಬಳಿಕ ನಾಲ್ಕು ಪತ್ರಗಳನ್ನು ಸಿದ್ಧಪಡಿಸುವರು: ಒಂದು ಸರಿಯಾದುದು, ಒಂದು ಅವಧಿ ತೀರಿದುದು, ಒಂದು ಬೇರೆ ಹೆಸರಿನದು, ಮತ್ತೊಂದು ಅಪರಿಚಿತರು ಸಹಿ ಮಾಡಿದುದು. ಮೊದಲನೆಯದಕ್ಕೆ ಕದ ತೆರೆಯಬೇಕು. ಉಳಿದ ಮೂರಕ್ಕೂ ಮುಚ್ಚಬೇಕು. ಮುಚ್ಚಿದ ಕಾರಣವೂ ಆಯಾ ದೋಷಕ್ಕೆ ಸರಿಹೊಂದಬೇಕು. ಇಂತಹ ಪರೀಕ್ಷೆಗಳಿಗೆಂದು ‘ಟೆಸ್ಟ್’ ಎಂದು ಕೊನೆಗೊಳ್ಳುವ ಹೆಸರುಗಳನ್ನು 1999ರಲ್ಲಿಯೇ ಕಾದಿರಿಸಲಾಗಿದೆ.

ವೃತ್ತಿಯಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು. ಪರೀಕ್ಷೆ ಬೇಗ ಮುಗಿಯಲೆಂದು ಪರಿಶೀಲನೆಯನ್ನೇ ನಿಲ್ಲಿಸುವ ಆಸೆ ಹುಟ್ಟುವುದು. ಅದನ್ನು ಮರಳಿ ಜೋಡಿಸಲು ಮರೆತ ದಿನ, ನಾಗಮಂಗಲದ ತಾಯಿಯೊಬ್ಬಳು ಕೂಡಿಟ್ಟ ಹಣಕ್ಕೆ ಕಾವಲಿಲ್ಲದಂತಾಗುವುದು. ಪರೀಕ್ಷೆಯ ಪ್ರಾಧಿಕಾರವನ್ನೂ ಜನರ ಕೈಸೇರುವ ತಂತ್ರಾಂಶದಲ್ಲಿ ಉಳಿಸಬಾರದು.

ಪೋಷಕರೇ, “ಇಂದು ನನ್ನ ತಂತ್ರಾಂಶವು ಮೂರು ಬಾರಿ ಕದ ಮುಚ್ಚಿತು” ಎಂದು ನಿಮ್ಮ ಮಗಳು ಹೇಳಿದರೆ ಚಿಂತಿಸಬೇಡಿರಿ; ಆಕೆ ತನ್ನ ಕೆಲಸವನ್ನು ನಂಬಿಗಸ್ತಳಾಗಿ ಮಾಡಿರುವಳು.