ಹಸಿದ ಹೊಟ್ಟೆಗೆ ಪಾಠ ಹತ್ತದು



ಜೂಜುವಾಡಿ, ಹೊಸೂರು ಸುತ್ತಿನ ನಮ್ಮ ಮನೆಗಳ ಮಕ್ಕಳು ಕಾಲೇಜು ಮೆಟ್ಟಿಲು ಹತ್ತುತ್ತಿರುವುದು ಸಂತೋಷದ ವಿಷಯ. ಆದರೆ ಬೆಳಗಿನ ಬಸ್ಸಿನ ಅವಸರದಲ್ಲಿ ಬರೀ ಕಾಫಿ ಕುಡಿದು ಹೊರಟವರು ಸಂಜೆಯ ತನಕ ಏನು ತಿನ್ನುತ್ತಾರೆಂದು ನಾವು ವಿಚಾರಿಸಿದ್ದೇವೆಯೇ?

ತಮಿಳುನಾಡಿನಲ್ಲಿ ಕಾಮರಾಜರು 1956ರಲ್ಲಿ ಶಾಲಾ ಮಕ್ಕಳಿಗೆ ಮಧ್ಯಾಹ್ನದ ಊಟ ಆರಂಭಿಸಿದರು. 1982ರಲ್ಲಿ ಎಂ.ಜಿ.ಆರ್. ಅದನ್ನು ಪೌಷ್ಟಿಕ ಆಹಾರ ಯೋಜನೆಯಾಗಿ ವಿಸ್ತರಿಸಿದರು. 2022ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ಉಪಾಹಾರವೂ ಆರಂಭವಾಯಿತು. ಆದರೆ ಮಧ್ಯಾಹ್ನದ ಊಟ ಹತ್ತನೆಯ ತರಗತಿಗೆ ನಿಲ್ಲುತ್ತದೆ. ಮುಂದೆ ಓದಿನ ಭಾರ ಹೆಚ್ಚುತ್ತದೆ, ತಟ್ಟೆ ಮಾತ್ರ ಖಾಲಿ.

ನಾವು ತಿಂದ ಆಹಾರದ ಶಕ್ತಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಮಿದುಳಿಗೇ ಬೇಕು. ಹಸಿದವನಿಗೆ ತಲೆನೋವು, ತೂಕಡಿಕೆ. ಪಾಠ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಮಗಳು ಬೇಗ ಸುಸ್ತಾದರೆ ಸೋಮಾರಿಯೆಂದು ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸೋಣ. ಊಟವೊಂದೇ ಅಂಕ ತರದು, ನಿಜ. ಊಟವಿಲ್ಲದಿದ್ದರೆ ಪಟ್ಟ ಶ್ರಮವೂ ವ್ಯರ್ಥ.

ಇದಕ್ಕೆ ದಾರಿ ಹಿಂದೆಯೂ ಇತ್ತು. ಹಳೆಯ ಮೈಸೂರು ಸೀಮೆಯಲ್ಲಿ ಎಷ್ಟೋ ಬಡ ವಿದ್ಯಾರ್ಥಿಗಳು ವಾರಾನ್ನ ಉಂಡು ಓದಿದರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಅನ್ನ, ಆಶ್ರಯ ಪಡೆದು ವಿದ್ಯಾವಂತರಾದರು. ಶ್ರೀಮಂತ ಅಮೆರಿಕದ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲೂ 1993ರಲ್ಲಿ ವಿದ್ಯಾರ್ಥಿಗಳೇ ಆಹಾರ ಭಂಡಾರ ತೆರೆದರು.

ಸರ್ಕಾರಿ ಶಾಲೆಯಲ್ಲಿ 6ರಿಂದ 12ನೇ ತರಗತಿವರೆಗೆ ಓದಿ ಕಾಲೇಜು ಸೇರಿದವರಿಗೆ ತಿಂಗಳಿಗೆ 1,000 ರೂಪಾಯಿ ನೀಡಲು ತಮಿಳುನಾಡಿನಲ್ಲಿ 2022ರಲ್ಲಿ ಹುಡುಗಿಯರಿಗೆ ‘ಪುದುಮೈ ಪೆಣ್’, 2024ರಲ್ಲಿ ಹುಡುಗರಿಗೆ ‘ತಮಿಳ್ ಪುದಲ್ವನ್’ ಯೋಜನೆಗಳು ಆರಂಭವಾದವು. ಕಾಲೇಜು ಕಚೇರಿಯಲ್ಲಿ ವಿಚಾರಿಸಿರಿ. ಸಿಕ್ಕಿದ ಹಣದಲ್ಲಿ ಊಟದ ಖರ್ಚು ಮೊದಲಿರಲಿ.

ಮನೆಯಲ್ಲಿ ಮಾಡಬಹುದಾದವು:

1. ಟೊಮೆಟೊ, ಕೋಸು, ಗುಲಾಬಿ ಬೆಳೆದು ಪೇಟೆಗೆ ಕಳುಹಿಸುವ ನಾವು ಮನೆಮಟ್ಟಿಗೆ ರಾಗಿ, ಹುರುಳಿ, ಅವರೆ ಬೆಳೆಯೋಣ. ಹಿತ್ತಲಲ್ಲಿ ನುಗ್ಗೆ, ದಂಟು ಇರಲಿ.

2. ರಾಗಿ ಹುರಿಹಿಟ್ಟಿಗೆ ಬೆಲ್ಲ, ಹಾಲು ಕಲಸಿದರೆ ಒಲೆ ಹಚ್ಚದೆ ಬೆಳಗಿನ ಆಹಾರ ಸಿದ್ಧ.

3. ಬುತ್ತಿಯಲ್ಲಿ ಮೊಟ್ಟೆ ಅಥವಾ ಕಾಳು ಇರಲಿ. ಸೊಪ್ಪು, ಕಾಳಿನ ಜೊತೆ ನಿಂಬೆ ಅಥವಾ ಸೀಬೆ ತಿಂದರೆ ಕಬ್ಬಿಣದ ಅಂಶ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ, ಟೀ ಬೇಡ.

ಧರ್ಮಕೇಂದ್ರದಲ್ಲಿಯೂ ಒಂದು ಕೆಲಸ ಸಾಧ್ಯ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಒಂದು ಸೇರು ರಾಗಿ ಕೂಡಿಸಿ, ಅಗತ್ಯವಿರುವ ವಿದ್ಯಾರ್ಥಿಗಳ ಮನೆಗೆ ಮುಟ್ಟಿಸೋಣ. ಪಡೆದವರ ಹೆಸರನ್ನು ಮಾತ್ರ ಯಾರೂ ಆಡದಿರಲಿ. ಯೇಸುಸ್ವಾಮಿಯ ಕೈಯಲ್ಲಿ ಐದು ಸಾವಿರ ಮಂದಿಗೆ ಸಾಕಾದದ್ದು ಒಬ್ಬ ಹುಡುಗನ ಬುತ್ತಿಯ ಐದು ಜವೆಗೋಧಿ ರೊಟ್ಟಿ, ಎರಡು ಮೀನು. ನಮ್ಮ ಕಣಜದಲ್ಲಿ ಅದಕ್ಕಿಂತ ಹೆಚ್ಚೇ ಇದೆ.